ಹಿಂಡಿಯೂ ಸ್ನೇಹವೂ: ಎಣ್ಣೆಯ ಶೇಷದ್ರವ್ಯಗಳು ಕುಕ್ಕುಟಾಹಾರದಲ್ಲಿ

ಎಣ್ಣೆಕಾಳನ್ನು ಗಾಣಕ್ಕೆ ಹಾಕಿ ಹಿಂಡಿದ ಮೇಲೆ ಉಳಿಯುವ ಪದಾರ್ಥಕ್ಕೆ ಕನ್ನಡದಲ್ಲಿ ಹಿಂಡಿಯೆಂದು ಹೆಸರು. ಹೆಸರು ಹಳೆಯದು, ಪದಾರ್ಥವಾದರೋ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಎರಡು ಸಲ ಬದಲಾಗಿದೆ. ಎತ್ತಿನ ಗಾಣದ ಹಿಂಡಿ ಬೇರೆ, ತಿರುಪುಯಂತ್ರದ ಹಿಂಡಿ ಬೇರೆ, ದ್ರಾವಕದಲ್ಲಿ ತೊಳೆದು ತೆಗೆದ ಹಿಂಡಿ ಬೇರೆ. ಮೂರಕ್ಕೂ ಒಂದೇ ಹೆಸರು ನಡೆಯುತ್ತಿರುವುದರಿಂದ, ಹೆಸರನ್ನು ನಂಬಿ ಪದಾರ್ಥವನ್ನು ಕೊಂಡವನು ತಾನು ಬಯಸಿದ ಗುಣವು ಅದರಲ್ಲಿದೆಯೆಂದು ಭ್ರಮಿಸುವ ಸಂಭವವುಂಟು. ಮೇಲ್ನೋಟಕ್ಕೆ ಇದು ನಿಘಂಟುಕಾರರ ಚಿಂತೆಯೆಂದು ತೋರಿದರೂ, ಕೋಳಿಗಳ ಮೇವನ್ನು ಬೆರಸುವವನಿಗೆ ಇದು ದಿನದಿನದ ಲೆಕ್ಕಾಚಾರದ ಪ್ರಶ್ನೆಯಾಗಿದೆ. ಹಿಂಡಿಯೊಳಗಿದ್ದ ಎಣ್ಣೆಯ ಅಂಶವು ಎಲ್ಲಿಗೆ ಹೋಯಿತು, ಹೋದ ಕಡೆ ಅದಕ್ಕೆ ಯಾವ ಹೆಸರು ಬಂದಿತು, ಆ ಹೆಸರು ತಕ್ಕುದೇ ಅಲ್ಲವೇ ಎಂಬಿಷ್ಟನ್ನು ಇಲ್ಲಿ ವಿಚಾರಿಸಲಾಗಿದೆ.

ತುಂಗಭದ್ರೆಯ ಬಲದಡದ ನಾಡಿನಲ್ಲಿ, ಎಂದರೆ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸುತ್ತಿನಲ್ಲಿ, ಈ ವಿಚಾರಕ್ಕೆ ವಿಶೇಷವಾದ ಅವಕಾಶವಿದೆ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ಪ್ರತಿದಿನವೂ ಪ್ರಕಟಿಸುವ ದರಪಟ್ಟಿಯಲ್ಲಿ ಹೊಸಪೇಟೆಗೆ ಪ್ರತ್ಯೇಕವಾದ ಸ್ಥಾನವುಂಟು. ಕೋಳಿಸಾಕಣೆಯು ಅಲ್ಲಿ ಎಷ್ಟು ಬೇರೂರಿದೆಯೆಂಬುದಕ್ಕೆ ಇದೊಂದೇ ಸಾಕು. ಬಳ್ಳಾರಿಯ ಕಪ್ಪುಮಣ್ಣಿನ ಬಯಲಿನಲ್ಲಿ ಹತ್ತಿ, ಅದರ ಸುತ್ತಿನ ಕೆಂಪು ನೆಲದಲ್ಲಿ ಶೇಂಗಾ, ಕಂಪ್ಲಿ ಸಿರುಗುಪ್ಪ ಗಂಗಾವತಿಗಳಲ್ಲಿ ಬತ್ತ, ದಕ್ಷಿಣಕ್ಕೆ ಎಣ್ಣೆಯ ನಗರವೆಂದು ಹೆಸರಾದ ಚಳ್ಳಕೆರೆ: ಹೀಗೆ ಎಣ್ಣೆಯ ಶೇಷದ್ರವ್ಯಗಳೆಲ್ಲವೂ ಆ ಸೀಮೆಯ ಸುತ್ತಮುತ್ತಲೇ ದೊರೆಯುವುವು. ಹೊಸಪೇಟೆಯ ಪಟ್ಟಣಕ್ಕೆ ಸೇರಿಹೋಗಿರುವ ಚಿತ್ತವಾಡ್ಗಿಯ ಕಡೆ ಮಾತ್ರ ಎಣ್ಣೆಕಾಳಿಗಿಂತ ಕಬ್ಬಿಗೆ ಹೆಚ್ಚಿನ ಮರ್ಯಾದೆ. ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರು ಆ ಸೀಮೆಯ ಕಬ್ಬನ್ನು ಬೆಳೆಸಿತು. ಬಹುಕಾಲ ನಡೆದು ನಿಂತುಹೋದ ಸಕ್ಕರೆಯ ಕಾರ್ಖಾನೆಯೊಂದು ಅಲ್ಲಿ ಇದ್ದಿತು. ಕಬ್ಬನ್ನು ಅರೆಯುವ ಸಾಧನಕ್ಕೂ ಎಣ್ಣೆಯನ್ನು ತೆಗೆಯುವ ಸಾಧನಕ್ಕೂ ಕನ್ನಡದಲ್ಲಿ ಗಾಣವೆಂಬ ಒಂದೇ ಮಾತಿರುವುದು ಗಮನಿಸತಕ್ಕುದಾಗಿದೆ. ಕಬ್ಬಿನ ಗಾಣದಿಂದ ಹೊರಬಿದ್ದ ಸಿಪ್ಪೆಯು ಒಣಗಿ ಆಲೆಮನೆಯ ಒಲೆಗೆ ಉರುವಲಾಗುವುದು; ಸಕ್ಕರೆಯ ಪಾಕದಲ್ಲಿ ಉಳಿದ ಕಾಕಂಬಿಯು ಮದ್ಯಸಾರಕ್ಕೆ ಒದಗುವುದು. ಶೇಷದಲ್ಲಿ ಶಕ್ತಿಯುಂಟೆಂಬುದು ಚಿತ್ತವಾಡ್ಗಿಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಕಬ್ಬಿನ ಸಿಪ್ಪೆಯ ಶಕ್ತಿ ಒಲೆಯಲ್ಲಿ ಪ್ರಕಟವಾದರೆ ಹಿಂಡಿಯ ಶಕ್ತಿ ಪ್ರಾಣಿಯ ಜಠರಾಗ್ನಿಯಲ್ಲಿ ಪ್ರಕಟವಾಗುತ್ತದೆ, ವ್ಯತ್ಯಾಸವಿಷ್ಟೇ.

ಮೊದಲು ಶಬ್ದವನ್ನು ನೋಡಬೇಕು. ಹಿಂಡಿಯನ್ನು ಸಂಸ್ಕೃತದ ಪಿಂಡಶಬ್ದದಿಂದ ಸಾಧಿಸಲು ಪಂಡಿತರಿಗೆ ಆಸೆಯಾಗುವುದು ಸಹಜ. ಹಿಂಡಿಯು ಮುದ್ದೆಮುದ್ದೆಯಾಗಿ ಹೊರಬರುವುದೂ ಉಂಟಷ್ಟೆ. ಆದರೆ ಈ ವ್ಯುತ್ಪತ್ತಿ ಅನಾವಶ್ಯಕ. ಹಿಂಡು ಎಂಬ ಧಾತುವು ಕನ್ನಡದಲ್ಲಿಯೇ ಇದೆ. ತೆಲುಗಿನಲ್ಲಿ ಅದೇ ಅರ್ಥದಲ್ಲಿ ಪಿಂಡು ಎಂಬುದೂ, ತಮಿಳಿನಲ್ಲಿ ಪಿೞಿ ಎಂಬುದೂ ಇವೆ. ಕನ್ನಡದಲ್ಲಿ ಪದಾದಿಯ ಪಕಾರವು ಹಕಾರವಾಗುವುದು ವ್ಯಾಕರಣವನ್ನು ಬಲ್ಲವರಿಗೆಲ್ಲ ವಿದಿತವೇ ಆಗಿದೆ. ಹಿಂಡಿದುದರಿಂದ ಉಳಿದುದು ಹಿಂಡಿ. ತಮಿಳು ಮಲಯಾಳಗಳು ಮಾತ್ರ ಸಂಸ್ಕೃತದ ಪಿಣ್ಯಾಕಶಬ್ದವನ್ನೇ ತೆಗೆದುಕೊಂಡು ಪುಣ್ಣಾಕ್ಕು, ಪಿಣ್ಣಾಕ್ಕು ಎಂದು ಮಾಡಿಕೊಂಡಿವೆ. ಎಣ್ಣೆಯ ವಿಷಯದಲ್ಲಿ ಎರಡು ಭಾಷೆಗಳ ನಡೆ ಒಂದೇ ಆಗಿರುವುದು ಇನ್ನೊಂದು ಸೊಗಸು. ತಿಲದಿಂದ ಹುಟ್ಟಿದುದು ತೈಲ. ಎಳ್ಳಿನ ನೆಯ್ ಎಣ್ಣೆ. ಎಳ್ಳಿನ ಹೆಸರೇ ಹರಡಿ ಸರ್ವಸ್ನೇಹಕ್ಕೂ ಹೆಸರಾಯಿತು. ತೈಲದಿಂದಲೇ ತೆಲ್ಲಿಗನೆಂಬ ವೃತ್ತಿನಾಮವೂ ಬಂದಿತು. ಶಾಸನಗಳಲ್ಲಿ ತೆಲ್ಲಿಗರ ಅಯ್ವತ್ತೊಕ್ಕಲು, ಗಾಣದೆರೆ, ನಂದಾದೀವಿಗೆಗೆ ಬಿಟ್ಟ ಎಣ್ಣೆ, ದೇವಾಲಯಕ್ಕೆ ದತ್ತಿಯಾಗಿ ಕೊಟ್ಟ ಕಲ್ಲುಗಾಣ ಇವುಗಳ ಪ್ರಸ್ತಾಪವು ಪದೇ ಪದೇ ಬರುವುದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನೆಂಬ ವಚನಕಾರನಿದ್ದನು. ಎಣ್ಣೆಯ ಲೆಕ್ಕವನ್ನು ಶಾಸನವು ಕಲ್ಲಿನಲ್ಲಿ ಕೊರೆಯಿಸಿತು. ಹಿಂಡಿಯು ದನದ ಕೊಟ್ಟಿಗೆಗೆ ಹೋದುದರಿಂದ ಅದರ ಲೆಕ್ಕವು ಅಷ್ಟಾಗಿ ಕಲ್ಲನ್ನೇರಲಿಲ್ಲ.

ಉತ್ತರ ಕರ್ಣಾಟಕದ ಮನೆಗಳಲ್ಲಿ ಈ ಶಬ್ದಕ್ಕೆ ಇನ್ನೊಂದರ್ಥವೂ ಇದೆ. ಅಲ್ಲಿ ಶೇಂಗಾಹಿಂಡಿ, ಅಗಸಿಹಿಂಡಿ, ಗುರೆಳ್ಳುಹಿಂಡಿ ಎಂದರೆ ರೊಟ್ಟಿಯ ಸಂಗಡ ತಿನ್ನುವ ಚಟ್ನಿಯ ಪುಡಿ. ಅದರಲ್ಲಿ ಕಾಳಿನ ಎಣ್ಣೆಯೆಲ್ಲವೂ ಇರುತ್ತದೆ. ಕುಟ್ಟುವಾಗಲೇ ಕೈಗೆ ಜಿಡ್ಡು ಹತ್ತುತ್ತದೆ. ಒಂದೇ ಮಾತು ಊಟದ ಎಲೆಯಲ್ಲಿ ಪೂರ್ಣಸ್ನೇಹವುಳ್ಳ ಪದಾರ್ಥವನ್ನೂ, ಗೋದಲಿಯಲ್ಲಿ ಅರೆಸ್ನೇಹದ ಪದಾರ್ಥವನ್ನೂ, ಈಗಿನ ಕಾರ್ಖಾನೆಯ ಚೀಲದಲ್ಲಿ ನಿಃಸ್ನೇಹವಾದ ಪದಾರ್ಥವನ್ನೂ ಹೇಳುತ್ತಿದೆ.

ಸಂಸ್ಕೃತದ ಶಾಸ್ತ್ರಕಾರರು ಈ ದ್ರವ್ಯವನ್ನು ಹೇಗೆ ಕಂಡರೆಂಬುದು ಮುಂದಿನ ಪ್ರಶ್ನೆ. ಅಮರಸಿಂಹನು ನಾನಾರ್ಥವರ್ಗದಲ್ಲಿ ಪಿಣ್ಯಾಕಕ್ಕೆ ತಿಲಕಲ್ಕವೆಂಬ ಅರ್ಥವನ್ನು ಹೇಳಿದನು. ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತ ಪ್ರಕರಣದಲ್ಲಿ ಸೌಮ್ಯಕೃಚ್ಛ್ರವೆಂಬ ವ್ರತದ ಆಹಾರಗಳೊಳಗೆ ಪಿಣ್ಯಾಕವೂ ಒಂದು. ಇದೇ ಸ್ಮೃತಿಗೆ ಚಾಲುಕ್ಯರ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ವೈದ್ಯಗ್ರಂಥಗಳಲ್ಲಿ ಪಿಣ್ಯಾಕವು ರೂಕ್ಷವೆಂದೂ ವಿಷ್ಟಂಭಿಯೆಂದೂ ಎಣಿಸಲ್ಪಟ್ಟಿದೆ. ಮನುಷ್ಯನಿಗೆ ಹಿಂಡಿಯನ್ನು ತಿನ್ನುವುದು ಪ್ರಾಯಶ್ಚಿತ್ತವೇ ಹೊರತು ಊಟವಲ್ಲವೆಂದು ಇದರಿಂದ ಸಿದ್ಧವಾಗುತ್ತದೆ. ಅರ್ಥಶಾಸ್ತ್ರದಲ್ಲಿ ಚಿತ್ರವೇ ಬೇರೆ. ೧೯೦೯ರಲ್ಲಿ ಮೈಸೂರಿನಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಈ ಗ್ರಂಥದ ಗೋಽಧ್ಯಕ್ಷ ಪ್ರಕರಣದಲ್ಲಿ, ದುಡಿಯುವ ಎತ್ತಿನ ಮೇವಿಗೆ ಹುಲ್ಲಿನೊಡನೆ ಒಂದು ತುಲಾ, ಎಂದರೆ ನೂರು ಪಲ, ಘಾಣಪಿಣ್ಯಾಕವೂ, ಹತ್ತು ಆಢಕ ನುಚ್ಚು ತೌಡುಗಳೂ, ಐದು ಪಲ ಉಪ್ಪೂ ವಿಧಿಸಲ್ಪಟ್ಟಿವೆ. ಅಷ್ಟರಿಂದಲೇ ತೃಪ್ತನಾಗದೆ ಕೌಟಿಲ್ಯನು ನಸ್ಯಕ್ಕೆ ಒಂದು ಕುಡುಬವನ್ನೂ ಪಾನಕ್ಕೆ ಒಂದು ಪ್ರಸ್ಥವನ್ನೂ ಎಣ್ಣೆಯಾಗಿಯೇ ಬೇರೆ ಕೊಡಿಸುತ್ತಾನೆ. ಘಾಣಪಿಣ್ಯಾಕವೆಂಬ ಸಮಾಸದ ಪೂರ್ವಪದಕ್ಕೂ ಕನ್ನಡದ ಗಾಣ, ಮರಾಠಿಯ ಘಾಣಾ ಎಂಬ ಮಾತುಗಳಿಗೂ ಇರುವ ನಂಟು ಕಿವಿಗೇ ಗೊತ್ತಾಗುವಂತಿದೆ.

ಹಾಗಾದರೆ ವೈದ್ಯರು ರೂಕ್ಷವೆಂದುದನ್ನು ಅರ್ಥಶಾಸ್ತ್ರಕಾರನು ಬಲಕ್ಕಾಗಿ ಎತ್ತಿಗೆ ಕೊಡಿಸಿದುದೇಕೆ? ಇದರಲ್ಲಿ ವಿರೋಧವೇನೂ ಇಲ್ಲ. ಎಳ್ಳಿಗೆ ಹೋಲಿಸಿದರೆ ಹಿಂಡಿ ರೂಕ್ಷ. ಹುಲ್ಲಿಗೆ ಹೋಲಿಸಿದರೆ ಅದೇ ಸ್ನಿಗ್ಧ. ಕೌಟಿಲ್ಯನೇ ಕೋಷ್ಠಾಗಾರಾಧ್ಯಕ್ಷ ಪ್ರಕರಣದಲ್ಲಿ ಅಗಸೆಯಿಂದ ಆರನೆಯ ಒಂದು ಪಾಲು, ಬೇವು ಮುಂತಾದುವುಗಳಿಂದ ಐದನೆಯ ಒಂದು ಪಾಲು, ಎಳ್ಳು ಕುಸುಬೆ ಇಪ್ಪೆಗಳಿಂದ ನಾಲ್ಕನೆಯ ಒಂದು ಪಾಲು ಎಣ್ಣೆ ಬರತಕ್ಕುದೆಂದು ಅಳತೆಯನ್ನು ಕೊಟ್ಟಿದ್ದಾನೆ. ಎಳ್ಳಿನಲ್ಲಿ ಸರಾಸರಿ ಅರ್ಧದಷ್ಟು ಎಣ್ಣೆಯಿರುವುದೆಂದು ಈಗಿನ ಪರೀಕ್ಷೆಗಳಿಂದ ತಿಳಿದಿದೆ. ಆ ಪಾಲನ್ನು ತೂಕವೆಂದು ಹಿಡಿದು ಲೆಕ್ಕಮಾಡಿದರೆ, ನೂರು ಪಲ ಎಳ್ಳಿನಿಂದ ೨೫ ಪಲ ಎಣ್ಣೆ ಹೊರಬಂದು, ೭೫ ಪಲ ಹಿಂಡಿಯೊಳಗೆ ಇನ್ನೂ ೨೫ ಪಲ ಎಣ್ಣೆ ನಿಂತಂತಾಯಿತು. ಎಂದರೆ ಹಿಂಡಿಯ ಮೂರನೆಯ ಒಂದು ಪಾಲು ಎಣ್ಣೆಯೇ. ಭಂಡಾರದ ಅಧಿಕಾರಿಯು ತೆಲ್ಲಿಗನಿಂದ ಕೇಳಬಹುದಾದ ಕನಿಷ್ಠ ಪ್ರಮಾಣ ಇದಾಗಿದ್ದು ನಿಜವಾದ ಇಳುವರಿ ಹೆಚ್ಚಾಗಿದ್ದಿರಬಹುದು. ಆದರೂ ಆ ಕಾಲದ ಹಿಂಡಿಯು ಎಣ್ಣೆಯಿಂದ ತೊಯ್ದ ಹಿಂಡಿಯೆಂಬುದರಲ್ಲಿ ಸಂಶಯಕ್ಕೆಡೆಯಿಲ್ಲ.

ಇಲ್ಲಿ ಕವಿಗಳ ಮಾತನ್ನೂ ಒಂದಿಷ್ಟು ಹೇಳದೆ ಬಿಡುವಂತಿಲ್ಲ. ಖಲವೆಂದರೆ ಹಿಂಡಿ, ಖಲನೆಂದರೆ ದುರ್ಜನ. ಸ್ನೇಹವೆಂದರೆ ಎಣ್ಣೆ, ಸ್ನೇಹವೆಂದರೆ ಪ್ರೀತಿ. ಈ ಎರಡು ಶ್ಲೇಷಗಳು ಕೈಗೆ ಸಿಕ್ಕಮೇಲೆ ಸುಭಾಷಿತಕಾರರು ಸುಮ್ಮನಿದ್ದಾರೆಯೇ? ಸ್ನೇಹವು ಹೊರಟುಹೋದ ಮೇಲೆ ಉಳಿಯುವವನು ಖಲನೆಂಬ ಚಮತ್ಕಾರವು ಸಂಸ್ಕೃತದಲ್ಲಿ ಸವೆದ ಹಾದಿಯಾಯಿತು. ಕಾವ್ಯಾರಂಭದಲ್ಲಿ ದುರ್ಜನನಿಂದೆಯನ್ನು ಮಾಡುವ ಸಂಪ್ರದಾಯವು ಕನ್ನಡದ ಕವಿಗಳಿಗೂ ಪ್ರಿಯವಾಗಿದ್ದಿತು. ತರಗತಿಯಲ್ಲಿ ಈ ಶ್ಲೇಷವನ್ನು ಬಿಡಿಸುವ ಉಪಾಧ್ಯಾಯರು ಒಂದು ಸಂಗತಿಯನ್ನು ಕೂಡಿಸಿ ಹೇಳಬಹುದು. ಕವಿಗಳು ಹೀಗೆಂದ ಕಾಲದಲ್ಲಿ ಯಾವ ಖಲವೂ ನಿಃಸ್ನೇಹವಾಗಿರಲಿಲ್ಲ. ಉಪಮಾನದ ಧರ್ಮವು ಉಪಮಾನದಲ್ಲಿಯೇ ಪೂರ್ತಿಯಾಗಿ ಇರಲಿಲ್ಲ. ಅದು ಪೂರ್ತಿಯಾದುದು ಇಪ್ಪತ್ತನೆಯ ಶತಮಾನದಲ್ಲಿ, ಕವಿಗಳಿಂದಲ್ಲ, ಯಂತ್ರಶಿಲ್ಪಿಗಳಿಂದ.

ಎತ್ತಿನ ಗಾಣದ ಹಿಂಡಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಎಣ್ಣೆ ಉಳಿಯುತ್ತದೆ. ಅಮೆರಿಕಾದ ಆಂಡರ್ಸನ್ ಎಂಬಾತನು ೧೯೦೦ರಲ್ಲಿ ಹಕ್ಕುಪತ್ರ ಪಡೆದ ತಿರುಪುಯಂತ್ರ, ಎಂದರೆ ಎಕ್ಸ್‌ಪೆಲರ್, ಕಾಳನ್ನು ಕಬ್ಬಿಣದ ಕೊಳವೆಯೊಳಗೆ ಎಡೆಬಿಡದೆ ಒತ್ತಿ, ಉಳಿಕೆಯನ್ನು ಆರೇಳು ಪಾಲಿಗೆ ಇಳಿಸಿತು. ಬಳಿಕ ಹೆಕ್ಸೇನ್ ಎಂಬ ದ್ರಾವಕದಿಂದ ಹಿಂಡಿಯನ್ನು ತೊಳೆಯುವ ಕ್ರಮವು ಬಂದಿತು. ದ್ರಾವಕವು ಎಣ್ಣೆಯನ್ನು ಕರಗಿಸಿಕೊಂಡು ಹೋಗುತ್ತದೆ. ಕಾಯಿಸಿದಾಗ ದ್ರಾವಕವು ಆವಿಯಾಗಿ ಹೊರಟು ಎಣ್ಣೆಯು ನಿಲ್ಲುತ್ತದೆ. ಈ ಹಿಂಡಿಯಲ್ಲಿ ಉಳಿಯುವ ಎಣ್ಣೆಯು ನೂರಕ್ಕೆ ಒಂದು ಪಾಲಿನ ಆಸುಪಾಸು. ಸೋಯಾ ಅವರೆಯೂ ಅಕ್ಕಿಯ ತೌಡೂ ಈಗ ಬಹುಮಟ್ಟಿಗೆ ಈ ಮಾರ್ಗದಲ್ಲಿಯೇ ಎಣ್ಣೆಯನ್ನು ಬಿಟ್ಟುಕೊಡುವುವು. ಇದು ದೋಷವೆಂದು ಮಾತ್ರ ತಿಳಿಯಬಾರದು. ಎಣ್ಣೆ ಹೋದಷ್ಟೂ ಸಸಾರಜನಕದ, ಎಂದರೆ ಪ್ರೋಟೀನಿನ, ಪಾಲು ಏರುವುದು. ಪದಾರ್ಥವು ಬೇಗ ಕಮಟಾಗುವುದಿಲ್ಲ. ಹಸುವಿನ ಮೇವಿನಲ್ಲಿ ಜಿಡ್ಡು ಮಿತಿಮೀರಿದರೆ ನಾರು ಜೀರ್ಣವಾಗುವುದಕ್ಕೆ ಅಡ್ಡಿಯಾಗುವುದರಿಂದ ಹಸುವಿಗೆ ಇದರಿಂದ ಹೆಚ್ಚಿನ ನಷ್ಟವೂ ಇಲ್ಲ. ಖಲನಿಂದೆಯನ್ನು ಇಲ್ಲಿ ಸ್ವಲ್ಪ ತಗ್ಗಿಸಬೇಕಾಗುತ್ತದೆ.

ಕೋಳಿಯ ವಿಷಯ ಹಾಗಲ್ಲ. ವಿಜಯನಗರಕ್ಕೆ ಸುಮಾರು ೧೫೨೦ರಲ್ಲಿ ಬಂದ ಪೋರ್ಚುಗೀಸ ಯಾತ್ರಿಕ ಡೊಮಿಂಗೊ ಪಾಯಸನು ಪಟ್ಟಣದೊಳಗೆ ಒಂದು ಸಣ್ಣ ನಾಣ್ಯಕ್ಕೆ ೩ ಕೋಳಿಗಳೂ ಹೊರಗೆ ೪ ಕೋಳಿಗಳೂ ಸಿಕ್ಕುತ್ತಿದ್ದುವೆಂದು ಬರೆದಿದ್ದಾನೆ. ಆ ಕೋಳಿಗಳು ಕಣದಲ್ಲಿಯೂ ಹಿತ್ತಿಲಲ್ಲಿಯೂ ತಾವೇ ಹೆಕ್ಕಿಕೊಂಡು ಬೆಳೆದುವು. ಅವುಗಳಿಗೆ ಎಣ್ಣೆಯ ಚಿಂತೆಯಿರಲಿಲ್ಲ. ಎಣ್ಣೆಯನ್ನು ಕುಡಿಯುತ್ತಿದ್ದವನು ಅರಸನು. ಕೃಷ್ಣದೇವರಾಯನು ಪ್ರತಿದಿನವೂ ಬೆಳಗಾಗುವುದಕ್ಕೆ ಮುಂಚೆ ಒಂದಳತೆ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಅದನ್ನೇ ಬಳಿಸಿಕೊಂಡು ಸಾಧನೆ ಮಾಡುತ್ತಿದ್ದನೆಂದು ಅದೇ ಪಾಯಸನು ಹೇಳುತ್ತಾನೆ. ಕೌಟಿಲ್ಯನ ಎತ್ತಿನ ಪಾನಪ್ರಸ್ಥಕ್ಕೂ ಹಂಪೆಯ ಅರಸನ ಎಣ್ಣೆಗೂ ಹಿಂದಿರುವ ತಿಳಿವು ಒಂದೇ: ಅಲ್ಪಪ್ರಮಾಣದಲ್ಲಿ ಅಧಿಕಬಲವನ್ನು ಕೊಡುವ ಆಹಾರವು ಸ್ನೇಹವೇ. ಕೋಷ್ಠಾಗಾರಪ್ರಕರಣದಲ್ಲಿ ನಾಯಿಗೆ ಒಂದು ಪ್ರಸ್ಥ ಅನ್ನವನ್ನೂ ಹಂಸ ಕ್ರೌಂಚ ಮಯೂರಗಳಿಗೆ ಅರ್ಧಪ್ರಸ್ಥವನ್ನೂ ವಿಧಿಸಿ, ಉಳಿದ ಪಕ್ಷಿಮೃಗಗಳಿಗೆ ಒಂದು ದಿನದ ಊಟವನ್ನು ನೋಡಿ ಊಹಿಸಿಕೊಳ್ಳತಕ್ಕುದೆಂದು ಕೌಟಿಲ್ಯನು ಬಿಟ್ಟನು. ಆ ಊಹೆಯನ್ನು ಸಂಖ್ಯೆಗೆ ಇಳಿಸಿದುದೇ ಈಗಿನ ಕುಕ್ಕುಟಶಾಸ್ತ್ರ.

ಬ್ರಾಯ್ಲರ್ ಕೋಳಿಯು ಆರು ವಾರಗಳೊಳಗಾಗಿ ಎರಡು ಕಿಲೋಗ್ರಾಮಿಗೆ ಮೇಲೆ ತೂಗುವಂತೆ ಬೆಳೆಯತಕ್ಕುದು. ಅದರ ಹೊಟ್ಟೆ ಸಣ್ಣದು, ಅವಧಿ ಚಿಕ್ಕದು. ಭಾರತೀಯ ಮಾನಕ ಸಂಸ್ಥೆಯ ೨೦೦೭ರ ಪ್ರಮಾಣದಂತೆ ಅದರ ಮೇವಿನ ಪ್ರತಿ ಕಿಲೋಗ್ರಾಮಿನಲ್ಲಿ ದೇಹಕ್ಕೆ ದಕ್ಕುವ ಶಕ್ತಿಯು ಎಳೆಯ ಮರಿಗೆ ೩,೦೦೦ ಕಿಲೋಕ್ಯಾಲರಿಯಿಂದ ತೊಡಗಿ ಕೊನೆಯ ಹಂತದಲ್ಲಿ ೩,೨೦೦ರವರೆಗೆ ಇರಬೇಕು. ಮ್ಯಾಕ್ಕಜೋಳದಲ್ಲಿ, ಎಂದರೆ ಗೋವಿನಜೋಳದಲ್ಲಿ, ಸುಮಾರು ೩,೩೫೦. ದ್ರಾವಕದಿಂದ ತೆಗೆದ ಸೋಯಾಹಿಂಡಿಯಲ್ಲಿ ಸುಮಾರು ೨,೨೩೦. ಉದಾಹರಣೆಗಾಗಿ ೬೧ ಪಾಲು ಜೋಳ, ೩೬ ಪಾಲು ಸೋಯಾಹಿಂಡಿ, ೩ ಪಾಲು ಸುಣ್ಣ ಉಪ್ಪು ಮೊದಲಾದ ಖನಿಜಗಳನ್ನು ಬೆರಸಿದರೆ, ಆ ಮಿಶ್ರಣದಲ್ಲಿ ೨,೮೪೬ ಕಿಲೋಕ್ಯಾಲರಿ ಮಾತ್ರ ಬರುವುದು. ಎಷ್ಟು ತಿನ್ನಿಸಿದರೂ ಹೊಟ್ಟೆಯು ಹಿಡಿಯುವುದು ಇಷ್ಟೇ ಆದುದರಿಂದ, ಈ ಕೊರತೆಯನ್ನು ಕಾಳಿನಿಂದ ತುಂಬುವಂತಿಲ್ಲ. ಅದರಲ್ಲಿ ಮೂರು ಪಾಲು ಜೋಳವನ್ನು ತೆಗೆದು ಮೂರು ಪಾಲು ಎಣ್ಣೆಯನ್ನು ಸೇರಿಸಿ ನೋಡಬೇಕು. ಎಣ್ಣೆಯ ಶಕ್ತಿಯನ್ನು ೮,೫೦೦ ಎಂದು ಹಿಡಿದರೆ ಮಿಶ್ರಣವು ೩,೦೦೧ಕ್ಕೆ ಏರುತ್ತದೆ. ಕೌಟಿಲ್ಯನು ಹಿಂಡಿಯನ್ನು ಕೊಟ್ಟೂ ಮತ್ತೆ ಎಣ್ಣೆಯನ್ನು ಕುಡಿಸಿದುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

ಹಿಂಡಿಯ ಹೆಸರು ಮೋಸಮಾಡುವುದು ಈ ಲೆಕ್ಕದಲ್ಲಿಯೇ. ತಿರುಪುಯಂತ್ರದ ಶೇಂಗಾಹಿಂಡಿಯಲ್ಲಿ ಕೋಳಿಗೆ ದಕ್ಕುವ ಶಕ್ತಿ ಸುಮಾರು ೨,೫೦೦. ದ್ರಾವಕದ ಶೇಂಗಾಹಿಂಡಿಯಲ್ಲಿ ಸುಮಾರು ೨,೨೦೦. ಮೇವಿನಲ್ಲಿ ೨೦ ಪಾಲು ಶೇಂಗಾಹಿಂಡಿಯೆಂದು ಬರೆದುಕೊಂಡವನು ಮೊದಲನೆಯದರ ಬದಲು ಎರಡನೆಯದನ್ನು ತಂದು ಹಾಕಿದರೆ, ಹೆಸರು ಅದೇ, ತೂಕ ಅದೇ, ಆದರೆ ಪ್ರತಿ ಕಿಲೋಗ್ರಾಮಿಗೆ ೬೦ ಕಿಲೋಕ್ಯಾಲರಿ ಕಾಣೆಯಾಗಿರುವುವು. ಅದನ್ನು ತುಂಬಲು ಒಂದು ಟನ್ ಮೇವಿಗೆ ಹನ್ನೆರಡು ಕಿಲೋಗ್ರಾಮಿನಷ್ಟು ಎಣ್ಣೆ ಬೇಕಾಗುವುದು. ಸಾಕುವವನ ವೆಚ್ಚದಲ್ಲಿ ಮೇವಿನದೇ ಬಹುದೊಡ್ಡ ಪಾಲಾಗಿರುವಾಗ ಇದು ಸಣ್ಣ ವ್ಯತ್ಯಾಸವಲ್ಲ.

ಊಟದ ಎಣ್ಣೆಯನ್ನು ಕೋಳಿಗೆ ಹಾಕುವುದು ದುಬಾರಿಯ ಮಾತು. ಮನುಷ್ಯನ ಬಾಣಲೆಗೂ ಕೋಳಿಯ ತೊಟ್ಟಿಗೂ ಸ್ಪರ್ಧೆಯುಂಟಾಗುವುದು ಉಚಿತವೂ ಅಲ್ಲ. ಆದಕಾರಣ ಎಣ್ಣೆಯನ್ನು ಶುದ್ಧಿಮಾಡುವ ಕಾರ್ಖಾನೆಯ ಶೇಷಗಳ ಕಡೆಗೆ ಎಲ್ಲರ ದೃಷ್ಟಿಯೂ ತಿರುಗಿತು. ಹಿಂಡಿಯಿಂದ ಹೊರಟುಹೋದ ಸ್ನೇಹದ ಒಂದಂಶವು ಅಲ್ಲಿ ಸಿಕ್ಕುತ್ತದೆ. ಕಚ್ಚಾ ಎಣ್ಣೆಗೆ ಬಿಸಿನೀರನ್ನು ಬೆರಸಿದಾಗ ಅದರಲ್ಲಿದ್ದ ಲೆಸಿಥಿನ್ ಮೊದಲಾದ ಜಿಗುಟು ಪದಾರ್ಥಗಳು ಉಬ್ಬಿ ಬೇರ್ಪಡುವುವು. ವ್ಯಾಪಾರಿಗಳು ಇದನ್ನು ಗಮ್ ಎನ್ನುತ್ತಾರೆ. ಬಳಿಕ ದಾಹಕಸೋಡವನ್ನು ಸೇರಿಸಿದರೆ ಎಣ್ಣೆಯಲ್ಲಿ ಬಿಡಿಯಾಗಿದ್ದ ಸ್ನೇಹಾಮ್ಲಗಳು ಸಾಬೂನಾಗಿ, ಒಂದಿಷ್ಟು ಒಳ್ಳೆಯ ಎಣ್ಣೆಯನ್ನೂ ಬಹಳಷ್ಟು ನೀರನ್ನೂ ಹಿಡಿದುಕೊಂಡು ತಳಕ್ಕೆ ಇಳಿಯುವುವು, ಇದು ಸೋಪ್‌ಸ್ಟಾಕ್. ಈ ಸಾಬೂನಿಗೆ ಗಂಧಕಾಮ್ಲವನ್ನು ಹಾಕಿ ಕಾಯಿಸಿದರೆ ಸಾಬೂನು ಒಡೆದು ಸ್ನೇಹಾಮ್ಲಗಳು ಮೇಲೆ ತೇಲುವುವು. ಇದಕ್ಕೆ ಆಸಿಡ್ ಆಯಿಲ್ ಎಂದು ಹೆಸರು. ಎಣ್ಣೆಯ ವಾಸನೆಯನ್ನು ಹಬೆಯಿಂದ ಕಳೆಯುವಾಗ ಹಾರಿಹೋಗುವ ಸ್ನೇಹಾಮ್ಲಗಳನ್ನು ತಣಿಸಿ ಹಿಡಿಯುವುದೂ ಉಂಟು.

ತುಂಗಭದ್ರೆಯ ಬತ್ತದ ಸೀಮೆಯಲ್ಲಿ ಇದಕ್ಕೆಲ್ಲ ತೌಡು ಒಳ್ಳೆಯ ನಿದರ್ಶನವಾಗಿದೆ. ಕೌಟಿಲ್ಯನು ಎತ್ತಿಗೆ ಕೊಡಿಸಿದ ತೌಡೇ ಇದು. ಅಕ್ಕಿಯ ಗಿರಣಿಯಿಂದ ಬಂದ ತೌಡಿನಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಪಾಲು ಎಣ್ಣೆಯಿರುವುದು. ಆದರೆ ಅಕ್ಕಿಯಿಂದ ತೌಡು ಬೇರೆಯಾದ ಕೂಡಲೆ ಅದರೊಳಗಿನ ಕಿಣ್ವವೊಂದು ಎಣ್ಣೆಯನ್ನು ಒಡೆಯಲು ತೊಡಗುತ್ತದೆ. ಬೇಗನೆ ಬಿಸಿಮಾಡಿ ಅದನ್ನು ತಡೆಯದಿದ್ದರೆ ದಿನಗಳಲ್ಲಿಯೇ ಬಿಡಿ ಸ್ನೇಹಾಮ್ಲಗಳು ಏರಿಬಿಡುವುವು. ಆದುದರಿಂದಲೇ ತೌಡಿನ ಎಣ್ಣೆಯನ್ನು ಶುದ್ಧಿಮಾಡುವಲ್ಲಿ ಶೇಷದ ಪಾಲು ದೊಡ್ಡದು. ಎಣ್ಣೆ ತೆಗೆದ ತೌಡಿಗೆ ಪೇಟೆಯಲ್ಲಿ ಡಿಓಆರ್‌ಬಿ ಎಂದೂ, ದ್ರಾವಕದ ಹಿಂಡಿಗೆ ಡಿಓಸಿ ಎಂದೂ ಅಕ್ಷರಮಾಲೆಯ ಹೆಸರುಗಳು ನಡೆಯುತ್ತಿವೆ.

ಈ ಶೇಷಗಳೆಲ್ಲ ಎಣ್ಣೆಗೆ ಸಮಾನವೇ ಎಂದರೆ ಅಲ್ಲ. ಎಣ್ಣೆಯೆಂಬುದು ಮೂರು ಸ್ನೇಹಾಮ್ಲಗಳು ಗ್ಲಿಸರಿನ್ನಿಗೆ ಕಟ್ಟಿಕೊಂಡಿರುವ ಪದಾರ್ಥ. ಅದು ಕೋಳಿಯ ಕರುಳಿನಲ್ಲಿ ಭಾಗಶಃ ಬಿಚ್ಚಿಕೊಂಡಾಗ ಉಳಿಯುವ ಏಕಸ್ನೇಹದ ಗ್ಲಿಸರೈಡು ಪಿತ್ತರಸದೊಡನೆ ಕೂಡಿ ಉಳಿದ ಸ್ನೇಹಾಮ್ಲಗಳನ್ನು ನೀರಿನಲ್ಲಿ ಒಯ್ಯಲು ಸಹಾಯಮಾಡುತ್ತದೆ. ಒಡೆದೇ ಬಂದಿರುವ ಆಸಿಡ್ ಆಯಿಲಿನಲ್ಲಿ ಈ ಸಹಾಯಕನಿಲ್ಲ. ಮೊದಲ ಎರಡು ಮೂರು ವಾರಗಳ ಮರಿಯಲ್ಲಿ ಪಿತ್ತವೂ ಕಡಿಮೆ. ಬಿಡಿ ಸ್ನೇಹಾಮ್ಲಗಳು ಹೆಚ್ಚಿದಷ್ಟೂ, ಸ್ನೇಹವು ಗಟ್ಟಿಜಾತಿಯದಾದಷ್ಟೂ ಕೋಳಿಗೆ ದಕ್ಕುವ ಶಕ್ತಿ ಕುಗ್ಗುವುದೆಂದೂ, ಎಳೆಯ ಮರಿಗಳಲ್ಲಿ ಈ ಕುಗ್ಗು ಹೆಚ್ಚೆಂದೂ ವೈಸ್‌ಮನ್ ಮತ್ತು ಸಾಲ್ವಡಾರ್ ಎಂಬವರು ೧೯೯೧ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ಸ್ಪಷ್ಟಪಡಿಸಿದರು. ಆದುದರಿಂದ ಇಂತಹ ಸ್ನೇಹವನ್ನು ಮರಿಯ ಮೇವಿನಲ್ಲಿ ಬಿಟ್ಟು ಬೆಳೆದ ಕೋಳಿಯ ಮೇವಿನಲ್ಲಿ ಸೇರಿಸುವುದೂ, ಒಳ್ಳೆಯ ಎಣ್ಣೆಯೊಡನೆ ಬೆರಸುವುದೂ ಯುಕ್ತ. ಶುದ್ಧೀಕರಣದ ಮೊದಲ ಹಂತದಲ್ಲಿ ಕಸವೆಂದು ತೆಗೆದ ಲೆಸಿಥಿನ್ನೇ ನೀರಿಗೂ ಎಣ್ಣೆಗೂ ಸಂಧಿಮಾಡಿಸುವ ದ್ರವ್ಯವಾದುದರಿಂದ ಅದನ್ನು ಕೂಡಿಸಿದರೆ ಈ ನ್ಯೂನತೆಯು ಕೆಲಮಟ್ಟಿಗೆ ಪರಿಹಾರವಾಗುವುದು. ಒಂದು ಕಿಟ್ಟದ ದೋಷಕ್ಕೆ ಇನ್ನೊಂದು ಕಿಟ್ಟವೇ ಮದ್ದು.

ಹೆಸರುಗಳ ಪ್ರಶ್ನೆಗೆ ಈಗ ಬರಬಹುದು. ದ್ರಾವಕದ ಹಿಂಡಿಯನ್ನು ಎಣ್ಣೆ ತೆಗೆದ ಹಿಂಡಿಯೆಂದು ಕೆಲವರು ಬರೆಯುತ್ತಾರೆ. ಇದು ಪುನರುಕ್ತಿ, ಎಣ್ಣೆ ತೆಗೆಯದೆ ಹಿಂಡಿಯಾಗುವುದೆಂತು? ನಿಸ್ತೈಲಪಿಣ್ಯಾಕವೆಂದರೆ ಪಂಡಿತರಿಗೆ ಹಿತವಾಗಬಹುದು, ಗಿರಾಕಿಗೆ ಅರ್ಥವಾಗದು. ಜಿಡ್ಡಿನ ಹಿಂಡಿ, ಜಿಡ್ಡಿಲ್ಲದ ಹಿಂಡಿ ಎಂಬ ಎರಡೇ ಮಾತುಗಳು ಸಾಕು. ಜಿಡ್ಡೆಂಬುದು ಮನೆಮನೆಯ ಮಾತು. ಕೈಯಲ್ಲಿ ಹಿಸುಕಿ ನೋಡಿದವನಿಗೆ ಅದರ ಅರ್ಥವನ್ನು ಹೇಳಬೇಕಾಗಿಲ್ಲ. ಸೋಪ್‌ಸ್ಟಾಕಿಗೆ ಸಾಬೂನುಗಸಿ ಎನ್ನುವುದು ಲೇಸು; ಗಸಿಯೆಂಬುದು ತಳದಲ್ಲಿ ನಿಂತ ಮಡ್ಡಿಗೆ ಮೊದಲಿಂದಲೂ ಇರುವ ಮಾತು. ಇದನ್ನು ಹೆಸರಿನಲ್ಲಿಯೇ ಸಾಬೂನೆಂದರೆ ಅದರಲ್ಲಿ ಕ್ಷಾರವೂ ನೀರೂ ಇರುವುದರ ಎಚ್ಚರಿಕೆಯೂ ಬಂದಂತಾಯಿತು; ಇದು ಮೇವಿನಲ್ಲಿ ಹೆಚ್ಚಿದರೆ ಕೋಳಿಯು ನೀರನ್ನು ಅತಿಯಾಗಿ ಕುಡಿದು ನೆಲದ ಹಾಸು ಒದ್ದೆಯಾಗುವುದು. ಆಸಿಡ್ ಆಯಿಲನ್ನು ಆಮ್ಲತೈಲವೆಂದು ಮಾತಿಗೆ ಮಾತಾಗಿ ಪರಿವರ್ತಿಸಿದರೆ ಹುಳಿಯಾದ ಎಣ್ಣೆಯೆಂಬ ಅರ್ಥ ಬಂದು ದಾರಿತಪ್ಪಿಸುತ್ತದೆ. ಹುಳಿ ಹಿಂಡಿದಾಗ ಹಾಲು ಒಡೆಯುವಂತೆ ಗಂಧಕಾಮ್ಲವನ್ನು ಹಾಕಿದಾಗ ಸಾಬೂನು ಒಡೆಯುವುದರಿಂದ ಅದನ್ನು ಒಡೆದೆಣ್ಣೆ ಎನ್ನಬಹುದು. ಒಡೆದ ಹಾಲಿಗೂ ಹಾಲಿಗೂ ಇರುವ ಅಂತರವು ಕನ್ನಡಿಗರಿಗೆ ತಿಳಿದಿರುವಂತೆ, ಒಡೆದೆಣ್ಣೆಗೂ ಎಣ್ಣೆಗೂ ಇರುವ ಅಂತರವು ಹೆಸರಿನಿಂದಲೇ ತಿಳಿಯಲಿ.

ಹೆಸರಿನ ಮೇಲೆ ಇಷ್ಟು ಹಟವೇಕೆಂದರೆ, ಶುದ್ಧೀಕರಣವು ಮನುಷ್ಯನ ಎಣ್ಣೆಯಿಂದ ತೆಗೆದ ದೋಷವು ಇಲ್ಲವಾಗುವುದಿಲ್ಲ. ಶೇಷದೊಳಗೆ ಹೋಗಿ ಕುಳಿತಿರುತ್ತದೆ. ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಿಷವು ಎಣ್ಣೆಯನ್ನು ಬಿಟ್ಟು ಸಾಬೂನುಗಸಿಗೆ ಸೇರುತ್ತದೆ. ಬಳ್ಳಾರಿಯ ಸೀಮೆಯಲ್ಲಿ ಹತ್ತಿಯೂ ಬೆಳೆಯುವುದರಿಂದ ಯಾವ ಕಾಳಿನ ಗಸಿಯೆಂಬುದನ್ನು ಕೇಳದೆ ಕೊಳ್ಳುವುದು ತರವಲ್ಲ. ಜರ್ಮನಿಯಲ್ಲಿ ೨೦೧೦ರ ಕೊನೆಯಲ್ಲಿಯೂ ೨೦೧೧ರ ಮೊದಲಲ್ಲಿಯೂ, ಜೈವಿಕ ಡೀಸಲಿನ ತಯಾರಿಕೆಯಲ್ಲಿ ಉಳಿದು ಯಂತ್ರಕಾರ್ಯಗಳಿಗೆ ಮಾತ್ರವೆಂದು ಮೀಸಲಾಗಿದ್ದ ಸ್ನೇಹಾಮ್ಲಗಳು ಮೇವಿನ ಸ್ನೇಹದೊಡನೆ ಬೆರೆತು, ಡಯಾಕ್ಸಿನ್ ಎಂಬ ವಿಷವು ಕೋಳಿಗಳಿಗೂ ಮೊಟ್ಟೆಗಳಿಗೂ ಸೇರಿತು. ಸಾವಿರಾರು ಸಾಕಣೆಕೇಂದ್ರಗಳ ಮಾರಾಟವನ್ನು ಸರಕಾರವು ತಡೆಹಿಡಿಯಬೇಕಾಯಿತು. ಪದಾರ್ಥವು ಒಂದೇ, ಬಳಕೆ ಎರಡು, ಹೆಸರು ಒಂದು. ಅಲ್ಲಿಯೂ ಅಪಾಯವು ಪ್ರವೇಶಿಸಿದ ಬಾಗಿಲು ಅದೇ.

ಜಿಡ್ಡಿಲ್ಲದ ಹಿಂಡಿಯೂ ನಿರಪಾಯವಲ್ಲ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಟರ್ಕಿಕೋಳಿಗಳು ಕಾರಣ ತಿಳಿಯದ ರೋಗದಿಂದ ಸತ್ತುವು. ಬ್ರೆಜಿಲ್ ದೇಶದಿಂದ ಬಂದ ಶೇಂಗಾಹಿಂಡಿಯೇ ಅದಕ್ಕೆ ಕಾರಣವೆಂದೂ, ಅದರಲ್ಲಿ ಬೂಷ್ಟಿನಿಂದ ಹುಟ್ಟಿದ ವಿಷವಿತ್ತೆಂದೂ ಬಳಿಕ ಪತ್ತೆಯಾಗಿ, ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂದಿತು. ಎಣ್ಣೆಯನ್ನು ಹಿಂಡಿದರೂ ದ್ರಾವಕದಲ್ಲಿ ತೊಳೆದರೂ ಈ ವಿಷದ ಬಹುಭಾಗವು ಹಿಂಡಿಯಲ್ಲಿಯೇ ನಿಲ್ಲುತ್ತದೆ.

ಕನ್ನಡದಲ್ಲಿ ಈ ಎರಡು ಬಗೆಯ ಕೆಡುಕುಗಳಿಗೆ ಎರಡು ಮಾತುಗಳು ಮೊದಲೇ ಇವೆ. ಗಾಳಿ ಬಿಸಿಲುಗಳು ತಾಗಿ ಎಣ್ಣೆಯು ಕೆಟ್ಟರೆ ಅದು ಕಮಟು. ತೇವವು ತಾಗಿ ಬೂಷ್ಟು ಹಿಡಿದರೆ ಅದು ಮುಗ್ಗು. ಕಮಟು ಸ್ನೇಹದ ರೋಗ, ಮುಗ್ಗು ಕಾಳಿನ ಮತ್ತು ಹಿಂಡಿಯ ರೋಗ. ಜಿಡ್ಡಿನ ಹಿಂಡಿಯಲ್ಲಿಯೂ ಒಡೆದೆಣ್ಣೆಯಲ್ಲಿಯೂ ಮೊದಲು ಕಮಟನ್ನು ಮೂಸಿ ನೋಡಬೇಕು. ಕಮಟಾದ ಸ್ನೇಹವು ಮೇವಿನಲ್ಲಿರುವ ಇ ಜೀವಸತ್ತ್ವವನ್ನೂ ಕೆಡಿಸುವುದು. ಜಿಡ್ಡಿಲ್ಲದ ಹಿಂಡಿಯಲ್ಲಿ ಮುಗ್ಗನ್ನು ನೋಡಬೇಕು. ಮೂಗು ಕಮಟನ್ನು ಬೇಗ ಹಿಡಿಯುತ್ತದೆ. ಮುಗ್ಗಿನ ವಾಸನೆಯು ಹೋದಮೇಲೂ ಅದರ ವಿಷವು ಉಳಿದಿರಬಹುದಾದುದರಿಂದ ಅಲ್ಲಿ ಮೂಗನ್ನು ನಂಬುವಂತಿಲ್ಲ; ಕೋಳಿಯ ಮೇವಿನಲ್ಲಿ ನೂರು ಕೋಟಿ ಭಾಗಕ್ಕೆ ೨೦ ಭಾಗದ ಮೇಲೆ ಈ ವಿಷವಿರಕೂಡದೆಂಬ ಮಾನಕವನ್ನು ಪ್ರಯೋಗಶಾಲೆಯಲ್ಲಿಯೇ ಅಳೆಯಬೇಕಾಗುತ್ತದೆ.